ಕೊನೆಯ ಸಾಲಿನ ನೃತ್ಯ

ಅವರ ಎಡಗಾಲಿನ ಕಿರುಬೆರಳಿಗೆ ಉಗುರಿರಲಿಲ್ಲ. ಹಿಮ್ಮಡಿಗಳು ಒಡೆದು ಒರಟಾಗಿದ್ದವು. ಜನವರಿಯ ಚಳಿಯಲ್ಲೂ ಅವರು ಬೂಟು ಬಿಚ್ಚಿ, ಸಾಕ್ಸ್ ಮಡಚಿ ಅದರೊಳಗಿಟ್ಟು, ಅಮೇರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನ ಹಿರಿಯರ ಕೇಂದ್ರದ ತಣ್ಣನೆಯ ನೆಲಕ್ಕೆ ಹಿಮ್ಮಡಿಯನ್ನು ಎರಡು ಸಲ ಬಲವಾಗಿ ಊರುತ್ತಿದ್ದರು. ಅದೇ ನಮ್ಮ ನೃತ್ಯದ ಕ್ಲಾಸಿನ ಗಂಟೆ. ಸೋಮವಾರ ಮತ್ತು ಬುಧವಾರ, ಹತ್ತೂವರೆಗೆ. ಒಂದು ನಿಮಿಷ ಆಚೀಚೆ ಇಲ್ಲ. ಅವರಲ್ಲಿ ನನಗೆ ಮೊದಲು ಹಿಡಿಸಿದ್ದು ಅದು.

ಅವರು, ನಮ್ಮ ನೃತ್ಯದ ಮೇಡಂ, ಸೆನೆಗಲ್‌ನಲ್ಲಿ ಹುಟ್ಟಿ ನ್ಯೂವಾರ್ಕ್‌ನಲ್ಲಿ ಬೆಳೆದವರು. ತಮ್ಮ ಅಜ್ಜಿಯರ ಕಾಲದ ಹೆಜ್ಜೆಗಳಿಂದ ಇವತ್ತಿನ ಮಾತು ಹೇಳುವ ನೃತ್ಯ ಅವರದು: ಬಾಡಿಗೆ ಮನೆಯಿಂದ ಹೊರದಬ್ಬಿಸಿಕೊಂಡವರು, ಪೊಲೀಸರಿಂದ ದಾರಿಯಲ್ಲಿ ತಡೆಯಿಸಿಕೊಂಡು ಮೈ ತಡಕಿಸಿಕೊಂಡವರು, ಬೇರೆಯವರ ಮಕ್ಕಳನ್ನು ಸಾಕುವ ಹೆಂಗಸರು. ವಾರದಲ್ಲಿ ಎರಡು ದಿನ ನಮ್ಮಂಥ ಮುದುಕರಿಗೆ ಕಲಿಸುತ್ತಿದ್ದರು. ನಾನು ಮೂವತ್ತೊಂದು ವರ್ಷ ಯಲ್ಲಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಈಗ ಇಲ್ಲಿ ಮಗಳ ಮನೆಯಲ್ಲಿದ್ದೇನೆ.

ಮೊದಲ ದಿನ ಅಭ್ಯಾಸಬಲದಿಂದ ಗಟ್ಟಿಯಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸತೊಡಗಿದೆ. ಅವರು ಡ್ರಮ್ ನಿಲ್ಲಿಸಿದರು.

“ಯಾರಿಗೆ ಹೇಳುತ್ತಿದ್ದೀರಿ?”

“ನನ್ನ ಕಾಲಿಗೆ.”

“ಪಾಪ, ಅದಕ್ಕೆ ಬಯ್ಯಬೇಡಿ. ಅದಕ್ಕೆ ಕಿವಿ ಚೆನ್ನಾಗಿ ಕೇಳಿಸುತ್ತದೆ.”

ಎಲ್ಲರೂ ನಕ್ಕರು. ನಾನು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದೆ. ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ.

ಕ್ಲಾಸ್ ಮುಗಿದ ಮೇಲೆ ಅವರು ಕಿತ್ತಳೆ ಸುಲಿದು ಎಲ್ಲರಿಗೂ ಎರಡೆರಡು ತೊಳೆ ಕೊಟ್ಟು, ಒಬ್ಬರನ್ನು ಹಿಡಿದು ಅವರ ಊರಿನ ಸುದ್ದಿ ಕೇಳುತ್ತಿದ್ದರು. ನನ್ನ ಸರದಿ ಬಂದಾಗ ನಾನು ಹೆಮ್ಮೆಯಿಂದಲೇ ಹೇಳಿದೆ: ನಮ್ಮ ಕಡೆಯ ಕಾಡಿನಲ್ಲಿ ಸಿದ್ದಿಗಳಿದ್ದಾರೆ, ಮೂಲ ಆಫ್ರಿಕಾದವರು, ಗುಲಾಮರಾಗಿ ಹಡಗಿನಲ್ಲಿ ಬಂದು ತಪ್ಪಿಸಿಕೊಂಡವರ ಮಕ್ಕಳು, ಕನ್ನಡ ಕೊಂಕಣಿ ಆಡುತ್ತಾರೆ. ಸುಲಿಯುತ್ತಿದ್ದ ಕೈ ನಿಂತಿತು.

“ನಿಮ್ಮ ಶಾಲೆಯಲ್ಲಿ ಇದ್ದರಾ?”

“ಇದ್ದರು. ಓಟದಲ್ಲಿ ಮುಂದು.”

“ಡ್ರಿಲ್‌ನಲ್ಲಿ?”

“ಕೊನೆಯ ಸಾಲು.”

“ಎತ್ತರವಿದ್ದರಾ?”

ಗಿಡ್ಡವರು ಮುಂದೆ, ಎತ್ತರದವರು ಹಿಂದೆ ಎಂಬುದು ನನ್ನ ನಿಯಮ. ಯಾರ ಮಗಳಿಗೂ ಸಡಿಲಿಸಿದವಳಲ್ಲ. ಸುಮಿತ್ರಾ ಎಂಬ ಸಿದ್ದಿ ಹುಡುಗಿ ತರಗತಿಗೆಲ್ಲ ಗಿಡ್ಡ. ಗಣರಾಜ್ಯೋತ್ಸವಕ್ಕೆ ತಹಶೀಲ್ದಾರರು ಬರುತ್ತಾರೆ, ಮುಂದಿನ ಸಾಲು ಚೆಂದ ಕಾಣಬೇಕು ಎಂದರು ಹೆಡ್‌ಮಾಸ್ತರರು. ನಾನು ಅವಳ ಭುಜ ಹಿಡಿದು ಹಿಂದಕ್ಕೆ ಕಳಿಸಿದೆ. ಮೂರು ವರ್ಷವೂ. ಇದನ್ನೆಲ್ಲ ಹೇಳುವಾಗ ನನ್ನ ಬಾಯಲ್ಲಿ ಕಿತ್ತಳೆ ಇತ್ತು.

ಅವರು ಬಯ್ಯಲಿಲ್ಲ. ನಾಲ್ಕು ತಿಂಗಳಲ್ಲಿ ಅದನ್ನು ನೃತ್ಯ ಮಾಡಿದರು. ಹನ್ನೊಂದು ನಿಮಿಷ, ಐವರು ಹೆಂಗಸರು. ಎಲ್ಲರಿಗಿಂತ ಗಿಡ್ಡವಳು ಮುಂದೆ ಬಂದಾಗಲೆಲ್ಲ ಸಾಲು ಮುಚ್ಚಿಕೊಳ್ಳುತ್ತಿತ್ತು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇದನ್ನು ಆಡಿಸೋಣ ಎಂದು ನಾನೇ ಹೇಳಿದೆ. ಅವರದು ಒಂದೇ ಷರತ್ತು: ಮೊದಲು ನಾನು ವೇದಿಕೆಗೆ ಹೋಗಿ ಕನ್ನಡದಲ್ಲಿ, ಇದು ಸುಮಿತ್ರಾಳ ನೃತ್ಯ, ಅವಳನ್ನು ಹಿಂದೆ ನಿಲ್ಲಿಸಿದವಳು ನಾನು ಎಂದು ಹೇಳಬೇಕು. ಒಪ್ಪಿಕೊಂಡೆ.

ಕಾರ್ಯಕ್ರಮದ ದಿನ ಅಧ್ಯಕ್ಷರು ವೇದಿಕೆಯ ಪಕ್ಕದಲ್ಲಿ ನನ್ನ ಕೈಗೆ ಒಂದು ಚೀಟಿ ಕೊಟ್ಟರು.

“ಟೀಚರ್, ಪ್ಲೀಸ್ ಬೇಜಾರ್ ಮಾಡ್ಕೋಬೇಡಿ. ಡಾನ್ಸ್ ಇರ್ಲಿ, ಯಾರು ಬೇಡ ಅಂದ್ರು? ಆದ್ರೆ ಸ್ಲೇವ್ಸು, ಕೊನೇ ಸಾಲು, ಇವೆಲ್ಲ ಇವತ್ತು ಯಾಕೆ? ಫ್ಯಾಮಿಲಿ ಪ್ರೋಗ್ರಾಮ್ ಇದು. ಆಫ್ರಿಕನ್ ಫ್ಯೂಷನ್ ಅಂದ್ಬಿಡಿ, ಸಿಂಪಲ್.”

“ಸಿದ್ದಿಗಳೂ ಕನ್ನಡದವರೇ ಅಲ್ಲವೇನಪ್ಪಾ?”

“ಇರ್ಬಹುದು. ನಾನಂತೂ ಬೆಂಗಳೂರಲ್ಲಿ ಒಬ್ರನ್ನೂ ನೋಡಿಲ್ಲ. ಊಟದ ಟೈಮಿಗೆ ಹಾಕಿದೀವಿ, ಬೇಗ ಶುರು ಮಾಡಿಸಿ. ಬಿಸಿಬೇಳೆ ಭಾತ್ ತಣ್ಣಗಾಗತ್ತೆ.”

ನಾನು ಮೈಕಿನ ಮುಂದೆ ನಿಂತು ಚೀಟಿಯಲ್ಲಿದ್ದದ್ದನ್ನು ಓದಿದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಧ್ಯಕ್ಷರನ್ನು ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಆದರೆ ಚೀಟಿ ಬರೆದದ್ದಷ್ಟೇ ಅವರು, ಓದಿದ್ದು ನಾನು. ಹೆಡ್‌ಮಾಸ್ತರರು ಹೇಳಿದರೆಂದು ಅಂದು ಒಂದು ಹುಡುಗಿಯ ಭುಜ ಹಿಡಿದವಳು, ಅಧ್ಯಕ್ಷರು ಹೇಳಿದರೆಂದು ಇಂದು ಅವಳ ಹೆಸರು ನುಂಗಿದೆ. ಎದುರು ಮಾತಾಡದೆ ಹೇಳಿದ್ದು ಮಾಡುವುದನ್ನು ಶಿಸ್ತು ಎಂದು ಕರೆದುಕೊಂಡು ಬಂದಿದ್ದೇನೆ, ಇಡೀ ಆಯುಷ್ಯ.

ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಆದರೂ ಮೇಡಂ ತಮ್ಮ ಐವರನ್ನು ಹನ್ನೊಂದು ನಿಮಿಷವೂ ಕುಣಿಸಿದರು, ಒಂದು ಹೆಜ್ಜೆ ಬಿಡಲಿಲ್ಲ. ಮುಗಿದ ಮೇಲೆ ಒಬ್ಬಾಕೆ ಬಂದು, “ಸೋ ಮಚ್ ಎನರ್ಜಿ!” ಎಂದು ಅವರ ಜೊತೆ ಸೆಲ್ಫಿ ತೆಗೆದುಕೊಂಡಳು. ಪಾರ್ಕಿಂಗ್ ಲಾಟಿನಲ್ಲಿ ನಾನು ಕ್ಷಮೆ ಕೇಳಿದೆ.

“ನನ್ನನ್ನು ಯಾಕೆ ಕೇಳುತ್ತೀರಿ?” ಎಂದರು ಡ್ರಮ್ಮನ್ನು ಕಾರಿನೊಳಗೆ ತಳ್ಳುತ್ತ. “ಅವಳಿಗೆ ಫೋನ್ ಮಾಡಿ.”

ಆಮೇಲೆ ಪ್ರತಿ ಸೋಮವಾರ ಕಿತ್ತಳೆ ಕೊಡುತ್ತ ಒಂದೇ ಪ್ರಶ್ನೆ: “ಮಾಡಿದಿರಾ?” ನಂಬರ್ ಇಲ್ಲ, ಮದುವೆಯಾಗಿ ಎಲ್ಲಿದ್ದಾಳೋ ಗೊತ್ತಿಲ್ಲ ಎನ್ನುತ್ತಿದ್ದೆ. “ನೀವು ಸೋಮಾರಿಯಲ್ಲ. ಹೆದರಿದ್ದೀರಿ,” ಎಂದರು ಒಂದು ದಿನ. ಸಿಟ್ಟು ಬಂದು ಎರಡು ವಾರ ಕ್ಲಾಸಿಗೆ ಹೋಗಲಿಲ್ಲ. ಮತ್ತೆ ಹೋದಾಗ ಅವರು ಕುರ್ಚಿಯಲ್ಲಿ ಕುಳಿತು ಕಲಿಸುತ್ತಿದ್ದರು. ಕ್ಯಾನ್ಸರ್. ಕುಳಿತಲ್ಲೇ ಹಿಮ್ಮಡಿ ಊರುತ್ತಿದ್ದರು, ಸರಿಯಾಗಿ ಹತ್ತೂವರೆಗೆ. ಆ ದಿನವೂ ಕೇಳಿದರು. ಆ ದಿನವೂ ಇಲ್ಲ ಎಂದೆ.

ಅವರು ಹೋದ ಮೇಲೆ ಸಂಘದ ಗ್ರೂಪಿನಲ್ಲಿ ಅಧ್ಯಕ್ಷರು ಅವರ ಫೋಟೋ ಹಾಕಿ, ‘ಕನ್ನಡದ ಗೆಳತಿ’ ಎಂದು ಬರೆದರು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ನಾನು ಆ ಗ್ರೂಪ್ ಬಿಟ್ಟೆ. ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಸುಮಿತ್ರಾಳ ನಂಬರ್ ಎರಡೇ ದಿನದಲ್ಲಿ ಸಿಕ್ಕಿತು. ಎರಡೇ ದಿನ!

“ಯಾರು?”

“ನಾನು, ಡ್ರಿಲ್ ಅಕ್ಕೋರು.”

“ಅಯ್ಯೋ ಅಕ್ಕೋರೇ! ಆರಾಮಿದ್ರಾ? ಅಮೇರಿಕದಲ್ಲಿದ್ರಂತೆ?”

ಎಲ್ಲ ಹೇಳಿದೆ. ಸಾಲು, ತಹಶೀಲ್ದಾರರು, ನಾನು ಹಿಡಿದ ಭುಜ. ಆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಒಲೆ ಆರಿಸಿ ಬಂದಳು.

“ಅದ್ನ ನಾ ಮನೇಲಿ ಯಾರಿಗೂ ಹೇಳ್ಲಿಲ್ಲ ಅಕ್ಕೋರೇ,” ಎಂದಳು. “ಹಿಂದಿಂದ ನಂಗೆ ಝಂಡಾನೇ ಕಾಣ್ತಿರ್ಲಿಲ್ಲ. ಮುಂದಿನವ್ರ ಕೈ ಮೇಲೆ ಹೋದಾಗ ನಾನೂ ಸಲ್ಯೂಟ್ ಹೊಡೀತಿದ್ದೆ.”

ಇದನ್ನು ನಾನು ಯಾರಿಗೆ ಹೋಗಿ ಹೇಳಬೇಕಾಗಿತ್ತೋ ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು.