ಕೆಂಪಿ ಹಸುವಿನ ಮೇಲೆ ಬಂದ ಅಪವಾದ

ಬೂದಿಕೋಟೆ ಕಡೆಯ ಶ್ರೀರಾಮಪ್ಪ ಓದಿದ್ದು ಏಳನೇ ಕ್ಲಾಸು. ಆದರೂ ಸುತ್ತಲ ಹಳ್ಳಿಗಳಲ್ಲಿ ಯಾರ ಹಸು ಮೇವು ಬಿಟ್ಟರೂ ಕರೆ ಬರುತ್ತಿದ್ದುದು ಅವನಿಗೇ. ಗುಣವಾದರೆ ತನ್ನ ಕೈಗುಣ, ಸತ್ತರೆ ಹಸುವಿನ ಹಣೆಬರಹ. ಇಷ್ಟೇ ಅವನ ವೈದ್ಯಶಾಸ್ತ್ರ.

ಕಳೆದ ಫೆಬ್ರವರಿಯಲ್ಲಿ ಹೈನುಗಾರಿಕೆ ತರಬೇತಿಗೆಂದು ಆಂಧ್ರದ ಗಡಿಯಾಚೆ ಹೋಗಿ, ಮೂರು ದಿನ ಲಾಡ್ಜಿನಲ್ಲಿದ್ದು ಬಂದ. ಕೆಲವು ದಿನಗಳಲ್ಲೇ ಸೊಂಟದ ಕೆಳಗೆ ತುರಿಕೆ ಶುರುವಾಯಿತು. ಉಷ್ಣವೆಂದು ಮಜ್ಜಿಗೆ ಕುಡಿದ, ಹರಳೆಣ್ಣೆ ಹಚ್ಚಿದ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ, ಕೂದಲ ಬುಡದಲ್ಲಿ ಎಳ್ಳಿಗಿಂತ ಚಿಕ್ಕದಾದ, ಏಡಿಯಂಥ ಹುಳು ಕಾಲಾಡಿಸುತ್ತಿತ್ತು.

ಅಪರಾಧಿಯನ್ನು ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ರತ್ನಮ್ಮಾ, ಕೆಂಪಿ ಮೈಯಿಂದ ನಂಗೆ ಉಣ್ಣೆ ಉಳ ಅತ್ಕೊಂಡವೆ ಕಣೇ," ಎಂದು ಹೆಂಡತಿ ವೆಂಕಟರತ್ನಮ್ಮನಿಗೆ ಸಾರಿದ. ಹಸುವಿನ ಮೈಗೆಲ್ಲ ಉಣ್ಣೆಯ ಔಷಧಿ ಸಿಂಪಡಿಸಿ, ಮಿಕ್ಕಿದ್ದನ್ನು ತಾನೂ ಬಳಿದುಕೊಂಡ. ಕೆಂಪಿ ಮೆಲುಕು ಹಾಕುತ್ತಾ ನಿಂತಿತ್ತು. ಇವನು ಪಂಚೆ ಎತ್ತಿಹಿಡಿದು ಹಿತ್ತಲೆಲ್ಲ ಓಡಿದ. ಚರ್ಮ ಸುಟ್ಟಿತು. ನಾಲ್ಕೇ ದಿನಕ್ಕೆ ತುರಿಕೆ ಮತ್ತೆ ಬಂತು.

ಬಂಗಾರಪೇಟೆಯಲ್ಲಿ ಗುರುತಿನವರು ಹೆಚ್ಚು. ಹಾಲಿನ ಕ್ಯಾನಿಗೆ ಬೆಸುಗೆ ಹಾಕಿಸಬೇಕೆಂದು ಮನೆಯಲ್ಲಿ ಹೇಳಿ, ರೈಲು ಹತ್ತಿ ಊರಿಗಾಂನಲ್ಲಿ ಇಳಿದ. ಅಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಕೂತಿದ್ದವರು ಡಾಕ್ಟರ್ ಅರ್ಚನ. ಹೆಂಗಸೆಂದು ನಾಚಿ ಹಿಂದೆ ಸರಿಯುವಷ್ಟರಲ್ಲಿ ನರ್ಸು ಬಾಗಿಲು ಹಾಕಿದ್ದಳು.

"ಉಣ್ಣೆ ಮೇಡಂ. ಅಸೂನಿಂದ ಬಂದೈತೆ."

ಅವರು ಪರೀಕ್ಷಿಸಿ, "ಉಣ್ಣೆಯಲ್ಲ, ಹೇನು," ಎಂದರು.

"ಏನು?"

"ಹೇನು."

"ಅದೇ ಮೇಡಂ, ಏನು ಅಂತ?"

ಹಕಾರ ನುಂಗುವ ನಾಲಿಗೆಗೆ ಎರಡೂ ಒಂದೇ. ಡಾಕ್ಟರು ತಲೆ ಕೆರೆದು ತೋರಿಸಿದ ಮೇಲೆ ಅರ್ಥವಾಯಿತು.

"ತಲೆ ಹೇನಲ್ಲ, ಅದರ ದಾಯಾದಿ. ಮನುಷ್ಯರ ಮೈ ಬಿಟ್ಟು ಹಸುವಿನ ಮೇಲೆ ಬದುಕಲ್ಲ. ಬಹುಪಾಲು ಕೂಡಿ ಮಲಗೋದರಿಂದ ಬರುತ್ತೆ. ಹಾಸಿಗೆ, ಟವೆಲಿನಿಂದ ಬರೋದು ಅಪರೂಪ."

"ಅಪರೂಪಕ್ಕೆ ಬತ್ತದೆ ಅಲ್ವಾ ಮೇಡಂ?" ಶ್ರೀರಾಮಪ್ಪ ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಮೊದಲು ಸುಟ್ಟ ಗಾಯ ಮಾಗಬೇಕು, ಆಮೇಲೆ ಪರ್ಮೆಥ್ರಿನ್ ಕ್ರೀಮು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು, ಸೀರು ಒಡೆದು ಮರಿ ಬರುವುದರಿಂದ ಒಂಬತ್ತನೇ ದಿನ ಮತ್ತೊಮ್ಮೆ ಹಚ್ಚಬೇಕು ಎಂದು ಅವರು ಬಿಡಿಸಿ ಹೇಳಿದರು. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆಯಬೇಕು. ಹೆಂಡತಿಗೂ ಚಿಕಿತ್ಸೆಯಾಗಬೇಕು, ಇಬ್ಬರಿಗೂ ರಕ್ತಪರೀಕ್ಷೆ.

"ಎಂಡ್ತಿಗೆ ಏಳ್ಲೇಬೇಕಾ?"

"ಹೇಳದೆ ಹೇಗೆ ಹಚ್ಚಿಸ್ತೀರಿ?"

ತಲೆ ತಗ್ಗಿಸಿ ಹೊರಗೆ ಬಂದರೆ, ಬೆಂಚಿನ ಮೇಲೆ ವೆಂಕಟರತ್ನಮ್ಮ ಕೂತಿದ್ದಳು.

"ಬೇತಮಂಗಲಕ್ಕೆ, ತಂಗಿ ಮನೆಗೋಗ್ತೀನಿ ಅಂದಿದ್ಯಲ್ಲೇ?"

"ನೀನು ಬೆಸುಗೆ ಅಂದಿದ್ದೆ. ಕ್ಯಾನೆಲ್ಲಿ?" ಎಂದಳು. ಅವಳಿಗೂ ತುರಿಕೆ ಹತ್ತಿ ವಾರವಾಗಿತ್ತು. "ಕೆಂಪೀನೂ ಕರ್ಕೊಂಬರ್ಬೇಕಾಗಿತ್ತು. ಪಾಪ, ಅದ್ಕೂ ಒಂದು ಚೀಟಿ ಬರೆಸ್ಬೋದಿತ್ತು."

ವಾಪಸು ರೈಲಿನಲ್ಲಿ ಅವನು ಲಾಡ್ಜಿನ ಹಾಸಿಗೆಯ ಕಥೆ ಶುರುಮಾಡಿದ. ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಕೋರಮಂಡಲ್ ಸ್ಟೇಷನ್ ದಾಟುವ ಹೊತ್ತಿಗೆ ಅವನಿಗೇ ತಡೆಯಲಾಗದೆ ನಿಜ ಹೊರಬಿತ್ತು. ಅವಳು ಸೆರಗು ಬಿಗಿದುಕೊಂಡು ಕಿಟಕಿಯ ಕಡೆ ತಿರುಗಿದಳು. ಬಂಗಾರಪೇಟೆ ಬರುವವರೆಗೂ ಅವನು ಅವಳ ಬೆನ್ನನ್ನೇ ನೋಡುತ್ತಾ ಕೂತ. ಎಷ್ಟೋ ಹಸುಗಳ ನೋವು ಕಂಡುಹಿಡಿದವನಿಗೆ ಈ ನೋವಿಗೆ ಔಷಧಿ ತೋಚಲಿಲ್ಲ.

ಮಾರನೇ ದಿನ ಅಂಗಳದಲ್ಲಿ ಹಂಡೆ ಕಾಯಿಸಿ, ಮನೆಯ ಹೊದಿಕೆಗಳನ್ನೆಲ್ಲ ಕುದಿಸಿ ಒಗೆದವನು ಶ್ರೀರಾಮಪ್ಪನೇ. ದಾರಿಹೋಕರು ಕೇಳಿದರೆ, "ಕ್ಲೀನಿಂಗು" ಎಂದ. ಮಳೆಗಾಲದವರೆಗೆ ಅವನ ಚಾಪೆ ಜಗಲಿಯಲ್ಲೇ ಇತ್ತು. ಹೇನು ಹೋಯಿತು. ಮೂರು ತಿಂಗಳ ಮೇಲೆ ಮಾಡಿಸಿದ ಎರಡನೇ ರಕ್ತಪರೀಕ್ಷೆಯಲ್ಲೂ ಇಬ್ಬರಿಗೂ ದೋಷ ಕಾಣಲಿಲ್ಲ. ಆ ಚೀಟಿಯನ್ನು ನೋಡಿದ ದಿನ ಅವಳು ಅವನಿಗೆ ಮೊದಲಿನ ಹಾಗೆ ಬಿಸಿ ಮುದ್ದೆ ಬಡಿಸಿದಳು.

ಹಳ್ಳಿಗೆ ಸುದ್ದಿ ತಲುಪದೆ ಇರಲಿಲ್ಲ. ತರಬೇತಿಗೆ ಜೊತೆಯಲ್ಲಿ ಹೋಗಿದ್ದ ಅಂಬರೀಶ್ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಅಕ್ಕಾ, ಆ ಕ್ರೀಮಿನ ಎಸ್ರೇನು? ನಮ್ ಸ್ನೇಹಿತರೊಬ್ರಿಗೆ ಬೇಕಿತ್ತು," ಎಂದ.

ರಾಗಿ ಕೇರುತ್ತಿದ್ದ ವೆಂಕಟರತ್ನಮ್ಮ ಮೊರ ಕೆಳಗಿಟ್ಟಳು. "ನಿನ್ ಎಂಡ್ತೀನ ಕರ್ಕೊಂಬಾಪ್ಪ. ಇಬ್ರಿಗೂ ಒಟ್ಟಿಗೇ ಏಳ್ತೀನಿ."