ಉಜ್ಜಿ ತೆಗೆದ ತುಕ್ಕು

ಖಾಜಾ, ಆ ಗಾಡಿಯ ಚಾಸಿ ಮುರಿದದ್ದು ನಿನ್ನ ಕೈಯಿಂದಲ್ಲ. ಅದನ್ನು ಕಟ್ಟಿದವನು ನಾನು, ತಪ್ಪಾಗಿ ಕಟ್ಟಿದವನೂ ನಾನೇ. ಕಮಲಾಪುರದ ಗೌಡರ ಅಂಗಳದಲ್ಲಿ ಹತ್ತು ಜನರೆದುರು ‘ಗಾಡಿ ಹೊಡೆದವನದೇ ತಪ್ಪು’ ಎಂದು ನಾನು ತೀರ್ಪು ಕೊಟ್ಟಾಗ ನನಗೆ ಸತ್ಯ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಇದನ್ನು ಬರೆಯಲು ಒಂಬತ್ತು ವರ್ಷ ಬೇಕಾಯಿತು — ಬರೆಯಲು ಬಾರದವನೇನಲ್ಲ ನಾನು. ಮನಸ್ಸಿರಲಿಲ್ಲ, ಅಷ್ಟೇ. ನಿನಗೆ ಕನ್ನಡ ಓದುವುದು ತೊಡಕಾದರೆ ಮಗಳ ಕೈಲಿ ಓದಿಸು. ಅವಳಿಗೂ ತಿಳಿಯಲಿ.

ಆಗ ಕಲಬುರಗಿಯ ಕಪನೂರಿನ ನನ್ನ ವೆಲ್ಡಿಂಗ್ ಶೆಡ್ಡಿಗೆ ಒಳ್ಳೆಯ ಹೆಸರಿತ್ತು. ಟ್ರಾಲಿ, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡಿಕೊಂಡಿದ್ದ ನನಗೆ ಗೌಡರು ಮೊಬೈಲಿನಲ್ಲಿ ಒಂದು ವಿದೇಶಿ ಎಟಿವಿಯ ಚಿತ್ರ ತೋರಿಸಿದರು — ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್ಲು. ತಮ್ಮ ಕೆಂಪು ಬಾಳೆಯ ಸಾಲುಗಳಲ್ಲಿ ಟ್ರ್ಯಾಕ್ಟರು ತೂರುವುದಿಲ್ಲ, ಗೊನೆ ಹೊರಲು ಇಂಥದ್ದೊಂದು ಕಟ್ಟಿಕೊಡು ಎಂದರು. ಕಾಗದದ ಮೇಲೆ ನಕಾಶೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಗಾಡಿಯಷ್ಟೇ ದೊಡ್ಡದಾಗಿ ಗೆರೆ ಹಾಕುತ್ತೇವೆ, ಪೈಪು ಬಾಗಿಸಿ ಅದರ ಮೇಲಿಟ್ಟು ನೋಡುತ್ತೇವೆ. ಹ್ಯಾಂಡಲ್ಲಿನ ಬುಡದಲ್ಲಿ, ಎರಡು ಪೈಪು ಕೂಡುವ ಕಡೆ, ಆಸರೆಗೆಂದು ಒಂದು ತ್ರಿಕೋನದ ಪಟ್ಟಿಯನ್ನು ನಾನೇ ಬರೆದಿದ್ದೆ. ಏಟೆಲ್ಲ ಬಂದು ತಾಗುವುದು ಅಲ್ಲೇ. ಬರೆದು, ದೂರ ನಿಂತು ನೋಡಿದೆ. ಮೊಬೈಲಿನ ಗಾಡಿಯಂತೆ ಕಾಣಲಿಲ್ಲ, ನನ್ನ ಹಳೆಯ ಟ್ರಾಲಿಯಂತೆ ಕಂಡಿತು. ಆ ಪಟ್ಟಿಯನ್ನು ಚಪ್ಪಲಿಯಿಂದ ತಿಕ್ಕಿ ಅಳಿಸಿದೆ. ಚಂದಕ್ಕೆ — ಬರೀ ಚಂದಕ್ಕೆ ಅಳಿಸಿದೆ.

ಗಾಡಿ ಕಮಲಾಪುರಕ್ಕೆ ಬಂತು, ಗೌಡರು ಅದನ್ನು ನಿನಗೆ ಒಪ್ಪಿಸಿದರು. ಅವರ ಟ್ರ್ಯಾಕ್ಟರು, ಜೀಪು ಎಲ್ಲ ಹೊಡೆದು ಪಳಗಿದ ಕೈ ನಿನ್ನದು. ದಿನಾ ಸಂಜೆ ನೀನು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ನಿಲ್ಲಿಸುತ್ತಿದ್ದೆ. ಮುಂದೆ ನಿನ್ನದೇ ಒಂದು ಟಂಟಂ ಆಟೋ ಕೊಂಡು ಕಮಲಾಪುರದಿಂದ ಕಲಬುರಗಿಗೆ ಓಡಿಸಬೇಕೆಂಬ ಆಸೆಯನ್ನು ನನ್ನ ಮುಂದೆಯೇ ಹೇಳಿಕೊಂಡಿದ್ದೆ. ನಾಲ್ಕು ತಿಂಗಳಾದ ಮೇಲೆ, ಗೊನೆಯ ಟೆಂಪೋದಲ್ಲಿ ಸಿಟಿಗೆ ಬಂದ ನೀನು ನನ್ನ ಶೆಡ್ಡಿಗೂ ಬಂದೆ.

“ಉಸ್ತಾದ್, ಹ್ಯಾಂಡಲ್ ಬುಡಕ ಕರ್ ಕರ್ ಅನ್ನಾಕತ್ತದ ನೋಡ್ರಿ.”

“ಒಡ್ಡು ಹಾರಸ್ತಿ, ಮ್ಯಾಲ ಸಪ್ಪಳ ಅಂತಿ. ಗ್ರೀಸ್ ಹಾಕ್ಕೋ ಹೋಗು,” ಎಂದೆ. ನೀನು ಒಡ್ಡು ಹಾರಿಸಿದ್ದನ್ನು ನಾನು ಕಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

ಆಮೇಲೆ ಮುರಿಯಿತು. ಗೊನೆ ಹೇರಿಕೊಂಡು ಬರುವಾಗ ಮುಂಭಾಗ ಕಳಚಿ ಬಿದ್ದು, ನೀನು ಮುಗ್ಗರಿಸಿ, ಎಡಗೈ ಮುರಿದುಕೊಂಡೆ. ಮೂರನೆಯ ದಿನ ಗೌಡರು ನನ್ನನ್ನು ಕರೆಸಿದರು. ನೀನು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ. ನಾನು ಗಾಡಿಯ ಕೆಳಗೆ ಬಗ್ಗಿದೆ. ಪೈಪು ಒಂದೇ ಏಟಿಗೆ ಮುರಿದಿದ್ದರೆ ಆ ಜಾಗವೆಲ್ಲ ಬೆಳ್ಳಗೆ ಮಿಂಚಬೇಕಿತ್ತು. ಇಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಒಂದು ಅಂಚು ಮಾತ್ರ ಹೊಸದು. ಎಂದರೆ ವಾರಗಟ್ಟಲೆ ಒಳಗೊಳಗೇ ಬಿರಿಯುತ್ತ ಬಂದಿದೆ — ನಾನು ಪಟ್ಟಿ ಅಳಿಸಿದ ಜಾಗದಲ್ಲೇ. ಚೀಲದಿಂದ ಎಮರಿ ಪೇಪರ್ ತೆಗೆದು ಆ ತುಕ್ಕನ್ನು ಉಜ್ಜತೊಡಗಿದೆ. ಕದ್ದುಮುಚ್ಚಿ ಅಲ್ಲ, ಎಲ್ಲರ ಕಣ್ಣೆದುರಿಗೇ. “ನೋಡ್ರಿ, ಮೇಸ್ತ್ರಿ ಹೆಂಗ ಪರೀಕ್ಷಾ ಮಾಡಾಕತ್ತಾನ,” ಎಂದು ಯಾರೋ ಮೆಚ್ಚಿಕೊಂಡರು. ಪೂರ್ತಿ ಬೆಳ್ಳಗಾದ ಮೇಲೆ ಗೌಡರನ್ನು ಕರೆದು ತೋರಿಸಿದೆ.

“ಮಲ್ಲಣ್ಣ, ಖರೇ ಹೇಳು. ತಪ್ಪು ಗಾಡಿದೋ, ಹೊಡಿಯಾವಂದೋ?”

“ಗಾಡಿ ಛಲೋ ಅದರೀ ಗೌಡ್ರ. ಇಂಥಾ ಪೈಪು ಸುಮ್ನ ಮುರಿಯಂಗಿಲ್ಲ. ಹಾರಿಸ್ಯಾನ.”

ನೀನು ಜಗಳಕ್ಕೆ ಬರುತ್ತೀ ಎಂದುಕೊಂಡಿದ್ದೆ. ಬಂದಿದ್ದರೆ — ಬಂದಿದ್ದರೂ ನಾನು ಒಪ್ಪುತ್ತಿರಲಿಲ್ಲ ಬಿಡು. ನೀನು ಬೆಳ್ಳಗಾದ ಆ ಪೈಪಿನ ಕಡೆ ನೋಡಿದೆ. ಆಮೇಲೆ ಮೆಲ್ಲಗೆ, “ಉಸ್ತಾದ್ ಅಂತಾರಂದ್ರ ಖರೇ ಇರಬೇಕ್ರಿ. ಕಾಲುವಿ ದಾಟಾಗ ಒಮ್ಮೆ ಜೋರ್ ಆಗಿತ್ತು,” ಎಂದೆ. ಮಾಡದ ತಪ್ಪನ್ನು ನೆನಪಿನಲ್ಲಿ ಹುಡುಕಿ ತೆಗೆದು ನನ್ನ ಸುಳ್ಳಿಗೆ ಸಾಕ್ಷಿ ಕೊಟ್ಟೆ. ನನಗೆ ಆಗ ನಿನ್ನ ಮೇಲೆ ಕನಿಕರ ಬರಲಿಲ್ಲ, ಖಾಜಾ. ಸದ್ಯ ಬಚಾವಾದೆ ಎನಿಸಿತು.

ಗಾಡಿ ಬೇರೆಯವನ ಕೈಗೆ ಹೋಯಿತು, ನೀನು ತೋಟಕ್ಕೆ ನೀರು ಬಿಡುವ ಕೆಲಸಕ್ಕೆ ನಿಂತೆ. ಊರಲ್ಲಿ ‘ಹಾರೋ ಖಾಜಾ’ ಎಂದು ಹೆಸರಿಟ್ಟರಂತೆ. ನಾನು ಮಾತ್ರ ಆ ಗಾಡಿಗೆ ಹೊಸ ಪೈಪು ಹಾಕಿದೆ, ಅಳಿಸಿದ್ದ ಪಟ್ಟಿಯನ್ನು ಈ ಸಲ ಕಬ್ಬಿಣದಲ್ಲೇ ಕೂರಿಸಿದೆ. “ಇಂಥವ್ರು ಹಾರಿಸಿದ್ರೂ ತಡೀಬೇಕಲ್ರಿ,” ಎಂದು ಗೌಡರಿಗೆ ವಿವರಿಸಿದೆ. ಅವರು ನನ್ನ ತಲೆಯನ್ನು ಹೊಗಳಿದರು. ಅಂದಿನಿಂದ ನನ್ನ ಶೆಡ್ಡಿನಿಂದ ಹೊರಟ ಒಂದು ಗಾಡಿಯೂ ಪಟ್ಟಿಯಿಲ್ಲದೆ ಹೋಗಿಲ್ಲ. ಯಾಕೆ ಎಂದು ನಾನು ಯಾರಿಗೂ ಹೇಳಿಲ್ಲ.

ಗಾಡಿದೋ, ಹೊಡೆದವನದೋ — ನಮ್ಮ ದಂಧೆಯಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆ ಬರುತ್ತದೆ. ಮೂವರನ್ನು ಕೂರಿಸಿಕೊಂಡು ಕಲ್ಲಿನ ಮೇಲೆ ಕುಣಿಸಿ ಚಾಸಿ ಮುರಿಯುವವರು ನಿಜಕ್ಕೂ ಇದ್ದಾರೆ, ಅಂಥವರಿಗೆ ನಾನು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದೇನೆ. ಆ ನಿಜಗಳ ನಡುವೆ ನನ್ನ ಒಂದು ಸುಳ್ಳು ಆರಾಮಾಗಿ ಸೇರಿಕೊಂಡಿತು. ಕಟ್ಟಿದವನನ್ನೇ ಕರೆದು ತೀರ್ಪು ಕೇಳುವುದು ನಮ್ಮ ಕಡೆಯ ರೂಢಿ. ಅವನು ಬೇರೆ ಏನು ಹೇಳಿಯಾನು ಎಂದು ಯಾರೂ ಯೋಚಿಸುವುದಿಲ್ಲ.

ಹೋದ ವರ್ಷ ಶರಣಬಸವೇಶ್ವರ ಗುಡಿಯ ಹತ್ತಿರ ನೀನು ಸಿಕ್ಕೆ. ಜೊತೆಗಿದ್ದ ನಿನ್ನ ಮಗಳು ಅಲ್ಲೇ ಕಾಲೇಜಿಗೆ ಸೇರಿದ್ದಳು, ಸ್ಕೂಟಿ ಬೇಕು ಎಂದು ಗಂಟುಬಿದ್ದಿದ್ದಳು. “ಅಬ್ಬಾ ಗಾಡಿ ಹೊಡಿಯೂದಿಲ್ಲ, ನಮಗೂ ಕೊಡಸೂದಿಲ್ಲ,” ಎಂದು ನಿನ್ನ ಮೇಲೆ ನನ್ನ ಮುಂದೆ ದೂರಿದಳು. ನೀನು ನಕ್ಕೆ. ನಿನ್ನ ಎಡಗೈ ಇನ್ನೂ ನೆಟ್ಟಗೆ ಚಾಚುವುದಿಲ್ಲ ಎಂಬುದನ್ನು ನಾನು ಆಗ ನೋಡಿದೆ. “ನಂದು ಒರಟು ಕೈ ಉಸ್ತಾದ್. ಅವತ್ತು ನೀವು ಎಲ್ಲಾರ ಮುಂದ ಹೇಳಿದ್ದು ಛಲೋ ಆತು. ಇಲ್ಲಂದ್ರ ಟಂಟಂ ತಗೊಂಡು ಯಾರರ ಮಕ್ಕಳ ಮ್ಯಾಲ ಹಾಯಿಸ್ತಿದ್ದೆ,” ಎಂದೆ. ನೀನು ನನ್ನ ಉಪಕಾರ ನೆನೆದೆ, ಖಾಜಾ. ಮಗಳ ಮುಂದೆ. ನಾನು “ಇರಲಿ ಬಿಡು” ಎಂದೆ, ಏನೋ ದೊಡ್ಡ ಮನಸ್ಸಿನವನ ಹಾಗೆ. ಚಹಾ ಕುಡಿದು ಹೊರಟೆವು. ಆ ಚಹಾ ಕೂಡ ನೀನೇ ಕುಡಿಸಿದೆ.

ಅಂದಿನಿಂದ ನನ್ನ ಮುಖ ನನಗೇ ಹೇಸಿಗೆ. ನಾನು ನಿನ್ನ ಕೆಲಸ ಕಿತ್ತುಕೊಂಡೆ ಎಂದುಕೊಂಡಿದ್ದೆ — ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ. ಬರುವ ಶುಕ್ರವಾರ, ನಿನ್ನ ನಮಾಜು ಮುಗಿದ ಮೇಲೆ, ಗೌಡರ ಅಂಗಳಕ್ಕೆ ಬರುತ್ತೇನೆ. ಆ ತೀರ್ಪಿನ ದಿನ ಇದ್ದವರನ್ನೆಲ್ಲ ಕರೆಸಿ ಎಂದು ಗೌಡರಿಗೆ ಹೇಳಿದ್ದೇನೆ, ಕಾರಣ ಹೇಳಿಲ್ಲ. ಇಲ್ಲಿ ಬರೆದದ್ದನ್ನೆಲ್ಲ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ನೀನೂ ಅವಸರಪಟ್ಟು ಕ್ಷಮಿಸಬೇಡ. ಯಾಕೆಂದರೆ ಇನ್ನೊಂದು ಮಾತಿದೆ, ಅದು ಮೊದಲು ನಿನಗೆ ತಿಳಿಯಬೇಕು.

ಚಾಸಿ ಮುರಿಯುವುದಕ್ಕೆ ಎಂಟು ದಿನ ಮುಂಚೆ ಗಾಡಿಯನ್ನೇ ಟೆಂಪೋದಲ್ಲಿ ಹೇರಿಕೊಂಡು ನೀನು ಮತ್ತೊಮ್ಮೆ ಕಪನೂರಿಗೆ ಬಂದಿದ್ದೆ. ಅವತ್ತು ನಾನು ಬಗ್ಗಿ ನೋಡಿದೆ. ಕೂದಲೆಳೆಯಷ್ಟು ಬಿರುಕು ಕಂಡಿತು. ಗಾಡಿ ಇಲ್ಲೇ ಬಿಟ್ಟುಹೋಗು ಎಂದಿದ್ದರೆ ಗೌಡರು ಯಾಕೆ ಎಂದು ಕೇಳುತ್ತಿದ್ದರು. “ಏನಿಲ್ಲ, ಬಣ್ಣ ಹೋಗ್ಯಾದ,” ಎಂದು ಬಿರುಕಿನ ಮೇಲೆ ಕರಿ ಬಣ್ಣ ಬಳಿದೆ. ಅದು ಒಣಗುವ ತನಕ ನೀನು ಶೆಡ್ಡಿನ ಹೊರಗೆ ಕಾದು ಕುಳಿತೆ. ಹೊರಡುವಾಗ, ಸಾವಕಾಶ ಹೊಡಿ ಎಂದು ನಿನಗೇ ಬುದ್ಧಿ ಹೇಳಿ ಕಳಿಸಿದೆ.