ಭಾವನ ಲಂಗರು

ನಮ್ಮ ಕಡೆ ಅಳಿಯನಿಗೆ ಯಾರೂ ಏನನ್ನೂ ಕಲಿಸುವುದಿಲ್ಲ. ಮದುವೆಯ ದಿನವೇ ಅವನು ಎಲ್ಲವನ್ನೂ ಕಲಿತುಕೊಂಡು ಬಂದಿರುತ್ತಾನೆ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡುಬಿಟ್ಟಿರುತ್ತಾರೆ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಅಳಿಯ ಸರಿಯಾಗಿದೆ ಎಂದರೆ ಸರಿಯಾಗಿದೆ. ಇಂಥ ಮನೆಯಲ್ಲಿ, ಅಕ್ಕನ ಗಂಡನಿಗೆ ಕಯಾಕ್ ಎಂಬ ಒಬ್ಬರು ಕೂರುವ ಸಣ್ಣ ದೋಣಿ ಹತ್ತಿ ಮೀನು ಹಿಡಿಯುವುದನ್ನು ಕಲಿಸುವ ಕೆಲಸ ನನ್ನ ತಲೆಗೆ ಬಂತು.

ನಾನು ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಜೊತೆಗೆ ಕೆಲಸಕ್ಕಿದ್ದ ಕರಾವಳಿಯ ಗೆಳತಿಯೊಬ್ಬಳು ತನ್ನೂರಿಗೆ ಕರೆದುಕೊಂಡು ಹೋಗಿ, ಸಮುದ್ರದಲ್ಲಿ ಕಯಾಕಿನ ಮೇಲೆ ಕೂರಿಸಿ, ಕೈಗೆ ಗಾಳ ಕೊಟ್ಟಳು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಪ್ರತಿ ವರ್ಷ ಮಳೆಗಾಲ ಕಳೆದು ಕಡಲಿನ ಆರ್ಭಟ ಇಳಿದ ಮೇಲೆ ಹೋಗುತ್ತೇನೆ. ಉಳಿದ ಭಾನುವಾರಗಳಿಗೆ ನಮ್ಮೂರ ಕೆಳಗೇ ಹರಿಯುವ ಕಪಿಲೆ ಸಾಕು. ನನ್ನ ಕಯಾಕ್ ಕೊಟ್ಟಿಗೆಯಲ್ಲಿ ಹಸುಗಳ ಪಕ್ಕ ಮಲಗಿರುತ್ತದೆ. ಅವ್ವ ಅದನ್ನು ‘ನಿನ್ ಬಾನಿ’ ಎನ್ನುತ್ತಾಳೆ. ಹಸುವಿಗೆ ಕಲಗಚ್ಚು ಹಾಕಲು ಬರುತ್ತಿತ್ತು, ದಂಡವಾಯಿತು ಎಂಬುದು ಅವಳ ಕೊರಗು.

ಭಾವ ಟಿ. ನರಸೀಪುರದ ಆಚೆ, ತಲಕಾಡಿನ ಕಡೆಯವರು. ಊರ ಡೈರಿಯ ಸೆಕ್ರೆಟರಿ. ಚಿಕ್ಕಂದಿನಿಂದ ಕಾವೇರಿಯಲ್ಲಿ ಈಜಿ ಬೆಳೆದವರು. ಕೆಟ್ಟವರಲ್ಲ, ಅಕ್ಕನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಈಜು ಬಂದವನಿಗೆ ನೀರಿನ ಮೇಲೆ ಬೇರೇನೂ ಕಲಿಯಬೇಕಾಗಿಲ್ಲ ಎಂದು ಗಟ್ಟಿಯಾಗಿ ನಂಬಿದವರು. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಜಲು ಬರದವರು ಹೆದರಿಕೊಂಡು ಹೇಳಿದ್ದನ್ನಾದರೂ ಕೇಳುತ್ತಾರೆ.

ಈ ಸಲ ದೀಪಾವಳಿಗೆ ಬಂದಾಗ ಗೂಡ್ಸ್ ಆಟೋದಲ್ಲಿ ಒಂದು ಹೊಸ ಕಯಾಕನ್ನೂ ಹೇರಿಕೊಂಡು ಬಂದರು. ಮುಂದಿನ ವಾರವೇ ಗೆಳೆಯರ ಜೊತೆ ಹೊನ್ನಾವರದ ಕಡೆ ಸಮುದ್ರಕ್ಕೆ ಹೋಗುವುದು ಎಂದು ಮಾತಾಗಿತ್ತಂತೆ. ಆ ಗೆಳೆಯರಲ್ಲಿ ಒಬ್ಬರೂ ಕಡಲಿಗೆ ಇಳಿದವರಲ್ಲ. ಹಬ್ಬದ ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕ ನನ್ನ ಪಕ್ಕ ಬಂದು ಕುಳಿತಳು.

“ನಾಳೆ ಅವರ್ನ ಒಳೆಗೆ ಕರ್ಕೊಂಡೋಗು. ಆಯ್ತದೆ ಅಂದ್ರೆ ಸಮುದ್ರುಕ್ಕೆ ಓಗ್ಲಿ. ಆಗಕಿಲ್ಲ ಅಂದ್ರೆ ನೀನೇ ನಿಲ್ಸು. ನನ್ ಮಾತ್ ಕೇಳಕಿಲ್ಲ ಅವರು.”

“ನನ್ ಮಾತ್ ಕೇಳ್ತಾರಾ?”

“ನೀರ್ ಮೇಲಾದ್ರೂ ಕೇಳ್ತಾರೆ ಕಣೇ.”

ಅಕ್ಕನಿಗೆ ಈಜು ಬರುವುದಿಲ್ಲ. ಗಂಡ ಹೊಳೆಗೆ ಇಳಿದರೂ ದಡದಲ್ಲಿ ಸೆರಗು ಹಿಡಿದುಕೊಂಡು ನಿಲ್ಲುವವಳು. ಅವಳು ಅಷ್ಟು ಕೇಳಿದ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಅಂಗಳದಲ್ಲೇ ಪಾಠ ಶುರು ಮಾಡಿದೆ. ಭಾವ ತಂದದ್ದು ಮೇಲೆ ಕೂರುವಂಥ ಕಯಾಕು, ಒಳಗೆ ಕಾಲು ತೂರಿಸಿ ಕೂರುವಂಥದಲ್ಲ. ಹೊಸಬರಿಗೆ ಅದೇ ಸರಿ. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ, ಮೇಲೆ ಬಿದ್ದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಅಷ್ಟರ ಮಟ್ಟಿಗೆ ಅಂಗಡಿಯವನು ಒಳ್ಳೆಯದನ್ನೇ ಕೊಟ್ಟಿದ್ದ. ಹಿಂಬದಿಯಲ್ಲಿ ಕಯಾಕಿನ ಟೊಳ್ಳು ಹೊಟ್ಟೆಗೆ ಹಾಕಿದ ಬಿರಡೆ ತಿರುಗಿಸಿ ನೋಡಿದೆ, ಸಡಿಲವಾಗಿತ್ತು. ಇದನ್ನು ನೋಡದೆ ಸಮುದ್ರಕ್ಕೆ ಇಳಿದರೆ ಹೊಟ್ಟೆಯೊಳಗೆ ನೀರು ತುಂಬಿ ಕಯಾಕು ಗಬ್ಬದ ಎಮ್ಮೆಯಂತೆ ಹೊರಳಾಡುತ್ತದೆ ಎಂದು ಹೇಳಿ ಬಿಗಿ ಮಾಡಿದೆ. ಹುಟ್ಟು ಕೈತಪ್ಪಿದರೂ ತೇಲಿಹೋಗದಂತೆ ಅದನ್ನು ಒಂದು ದಾರದಿಂದ ಕಯಾಕಿಗೆ ಕಟ್ಟಿದೆ. ಫೋನನ್ನು ನೀರು ಹೋಗದ ಚೀಲಕ್ಕೆ ಹಾಕಿ, ಕಯಾಕಿನ ಹಿಂದಿನ ಪೆಟ್ಟಿಗೆಯಲ್ಲಲ್ಲ, ಕೊರಳಲ್ಲೇ ಇಟ್ಟುಕೊಳ್ಳಿ ಎಂದೆ. ಹಗ್ಗ ಸಿಕ್ಕಿಕೊಂಡರೆ ಕೊಯ್ಯಲು ಸಣ್ಣ ಚಾಕುವನ್ನು ನನ್ನ ಹಾಗೆ ಲೈಫ್ ಜಾಕೆಟಿನ ಎದೆಯ ಮೇಲೆ ಸಿಕ್ಕಿಸಿಕೊಳ್ಳಿ ಎಂದೆ.

“ಚಾಕು ಪೆಟ್ಗೇಲದೆ ಕಣಮ್ಮಿ. ಎದೆ ಮ್ಯಾಲೆ ಚಾಕು ಮಡಿಕೊಂಡು ನಾನೇನು ಕಳ್ಳನಾ?” ಎಂದು ಭಾವ ನಕ್ಕರು. ಅವ್ವನೂ ನಕ್ಕಳು.

ಆಮೇಲೆ ಲೈಫ್ ಜಾಕೆಟ್. ಇದಕ್ಕೊಂದು ಸುಲಭದ ಪರೀಕ್ಷೆಯಿದೆ. ತೊಟ್ಟುಕೊಂಡು ಬಕಲ್‌ಗಳನ್ನೆಲ್ಲ ಹಾಕಿದ ಮೇಲೆ ಹಿಂದಿನಿಂದ ಯಾರಾದರೂ ಹೆಗಲ ಪಟ್ಟಿಗಳನ್ನು ಹಿಡಿದು ಜೋರಾಗಿ ಮೇಲಕ್ಕೆ ಎಳೆಯಬೇಕು. ಜಾಕೆಟ್ ಗಲ್ಲ ದಾಟಿ ಮುಖಕ್ಕೆ ಬಂದರೆ ಅದು ನೀರಲ್ಲಿ ಕಾಪಾಡುವುದಿಲ್ಲ. ನಾನು ಎಳೆಯಲು ಹೋದಾಗ ಅವ್ವ ಕಣ್ಣು ಬಿಟ್ಟಳು. ಸರಿ, ಅಕ್ಕ ಎಳೆಯಲಿ ಎಂದೆ. ಅಕ್ಕ ಅವ್ವನ ಎದುರಿಗೆ ನಾಚಿಕೊಂಡು, ಒಣಹಾಕಿದ ಹಪ್ಪಳ ಎತ್ತುವವಳ ಹಾಗೆ ಎರಡು ಬೆರಳಲ್ಲಿ ಪಟ್ಟಿ ಹಿಡಿದು ಎತ್ತಿದಳು. ಜಾಕೆಟ್ ಅಲ್ಲಾಡಲಿಲ್ಲ. “ಆಯ್ತಲ್ಲ” ಎಂದರು ಭಾವ. ಆಗಿರಲಿಲ್ಲ. ನಾನು ಮತ್ತೊಮ್ಮೆ ಎಳೆಸಬೇಕು ಎನ್ನುವಷ್ಟರಲ್ಲಿ ಅವರು ಹುಟ್ಟು ಹೆಗಲಿಗೇರಿಸಿ ಹೊಳೆಯ ದಾರಿ ಹಿಡಿದಿದ್ದರು.

ಕಯಾಕುಗಳನ್ನು ದಡಕ್ಕೆ ಇಳಿಸಿದ ಮೇಲೆ, ಮೊದಲು ಮಗುಚಿ ಬಿದ್ದು ಹತ್ತುವುದನ್ನು ಕಲಿಯಬೇಕು ಎಂದೆ. ಆಳ ಕಡಿಮೆ ಇರುವ ಕಡೆ ಬೇಕೆಂದೇ ಮಗುಚಿ, ಕಯಾಕನ್ನು ನೆಟ್ಟಗೆ ಮಾಡಿ, ಅದರ ಮೇಲೆ ಹೊಟ್ಟೆಯಡಿಯಾಗಿ ಬಿದ್ದು, ಕಾಲು ಬಡಿದು ಮೇಲೇರಿ, ಹೊರಳಿ ಕೂರಬೇಕು. ಕಡಲಿಗೆ ಹೋಗುವವರು ಇದನ್ನು ಕಲಿಯದೆ ಗಾಳ ಮುಟ್ಟಬಾರದು. ನನ್ನ ಗೆಳತಿ ನನ್ನನ್ನು ಮೊದಲ ದಿನವಿಡೀ ಬರೀ ಬೀಳಿಸಿದ್ದಳು. ಹಿಂದೆಯೇ ಬಂದಿದ್ದ ಅವ್ವ ಇದನ್ನು ಕೇಳಿ ಬೆಚ್ಚಿಬಿದ್ದಳು.

“ಅಬ್ಬದ್ ಮಾರನೇ ದಿನ ಅಳಿಯಂದ್ರುನ್ನ ನೀರಿಗೆ ಕೆಡವೀಯೇನಮ್ಮಿ? ಜನ ಏನಂದಾರು?”

“ಬ್ಯಾಡ ಬುಡಿ ಅತ್ತೆ, ನಂಗೆ ಈಜ್ ಬತ್ತದೆ” ಎಂದು ಭಾವ ಕುಳಿತು ಹುಟ್ಟು ಹಾಕಿಯೇಬಿಟ್ಟರು. ಅವ್ವ ಸಮಾಧಾನದಿಂದ ಮನೆಗೆ ಹಿಂದಿರುಗಿದಳು. ನಾನು ಸಿಟ್ಟು ನುಂಗಿಕೊಂಡು ಅವರ ಹಿಂದೆ ಹೊರಟೆ.

ಹೊಳೆ ಶಾಂತವಾಗಿತ್ತು. ಭಾವನ ತೋಳಲ್ಲಿ ಶಕ್ತಿಯಿತ್ತು, ಕಯಾಕು ನೆಟ್ಟಗೆ ಹೋಗುತ್ತಿತ್ತು. ನಡುಹೊಳೆಗೆ ಸ್ವಲ್ಪ ಈಚೆ, ಎರಡು ಬಂಡೆಗಳ ಕೆಳಗೆ ಒಂದು ಮಡುವಿದೆ, ಜಿಲೇಬಿ ಮೀನು ಚೆನ್ನಾಗಿ ಸಿಗುತ್ತದೆ. ಅಲ್ಲಿ ನಿಂತು ಗಾಳ ಹಾಕಬೇಕಾದರೆ ಲಂಗರು ಬಿಡಬೇಕು. ನಾನು ನೋಡನೋಡುತ್ತಲೇ ಭಾವ ಲಂಗರಿನ ಹಗ್ಗವನ್ನು ತಮ್ಮ ತೊಡೆಯ ಪಕ್ಕದ ಹಿಡಿಗೆ ಕಟ್ಟಿದರು.

“ಭಾವ, ಪಕ್ಕಕ್ಕೆ ಕಟ್ಬೇಡಿ. ತುದಿಗೆ ಕಟ್ಟಿ. ಹರಿಯೋ ನೀರಲ್ಲಿ ಪಕ್ಕಕ್ಕೆ ಕಟ್ಟಿದ್ರೆ ಎಳ್ದು ಮಗುಚುತ್ತೆ.”

“ತುದೀಗ್ ಕಟ್ಟುದ್ರೆ ಕೈಗೆ ಸಿಗಾಕಿಲ್ವಲ್ಲಮ್ಮಿ. ಕೈಗೆ ಸಿಗೋ ಕಡೆ ಕಟ್ಟಬೇಕು.”

ಅವರ ಲೆಕ್ಕ ತಪ್ಪಲ್ಲ. ತುದಿ ಕೈಗೆ ಸಿಗುವುದಿಲ್ಲ ಎಂದೇ ಬಲ್ಲವರು ಕಯಾಕಿನ ಉದ್ದಕ್ಕೂ ರಾಟೆ ಹಾಕಿ ಒಂದು ಹಗ್ಗ ಓಡಿಸಿರುತ್ತಾರೆ. ಕೂತಲ್ಲಿಂದಲೇ ಲಂಗರಿನ ಹಗ್ಗವನ್ನು ತುದಿಗೆ ಸರಿಸಬಹುದು. ಅದಿಲ್ಲದವರು ಹರಿವ ನೀರಲ್ಲಿ ಲಂಗರನ್ನೇ ಬಿಡಬಾರದು. ಇದನ್ನೆಲ್ಲ ಹೇಳಿದೆ, ಮತ್ತೆ ಹೇಳಿದೆ. ಅಳಿಯನಿಗೆ ಹೇಳುವ ಹಾಗೆಯೇ, ಮೆತ್ತಗೆ. ಅವರು ಎರೆಹುಳು ಸಿಕ್ಕಿಸುತ್ತಾ ಹೂಂಗುಟ್ಟಿದರು. ನಾನು ಲಂಗರು ಬಿಡದೆ, ಅವರಿಗಿಂತ ತುಸು ಮೇಲೆ ಬಂಡೆ ಹಿಡಿದು ನಿಂತೆ. ಒಂದು ಒಳ್ಳೆಯ ಜಿಲೇಬಿ ಸಿಕ್ಕಿತು. ಅದನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದ ನೋಟದಲ್ಲಿ ‘ಈಗೇನಂತೀಯ’ ಎಂಬ ಪ್ರಶ್ನೆಯಿತ್ತು.

ಆಗ ನೀರಿನ ಬಣ್ಣ ಬದಲಾಯಿತು. ಮೊದಲು ಕಡ್ಡಿ, ಎಲೆ, ಬಿಳಿ ನೊರೆ ತೇಲಿ ಬಂದವು. ಬಂಡೆಯ ಮೇಲಿದ್ದ ಒಣಗೆರೆ ನೋಡನೋಡುತ್ತಲೇ ಒದ್ದೆಯಾಯಿತು. ಮೇಲೆ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಎಂದು ಗೊತ್ತಾಯಿತು. ಹಿಂದಿನ ದಿನ, ಹೊಳೆ ಹುಟ್ಟುವ ವಯನಾಡಿನ ಕಡೆ ಮಳೆ ಎಂದು ಸುದ್ದಿಯಲ್ಲಿ ಬಂದಿತ್ತು.

“ಭಾವ, ನೀರ್ ಏರ್ತಾ ಇದೆ. ಲಂಗರು ಎತ್ತಿ, ಹೋಗೋಣ.”

ಅವರೂ ನೋಡಿದ್ದರು. ಗಾಳ ಸುತ್ತಿಟ್ಟು ಹಗ್ಗ ಎಳೆದರು. ಬರಲಿಲ್ಲ. ಇನ್ನೂ ಬಲವಾಗಿ ಎಳೆದಾಗ ಹಗ್ಗದ ಜೊತೆ ಕೇಸರಿ ಬಣ್ಣದ ಸೀರೆಯೊಂದರ ಅಂಚು ನೀರಿನ ಮೇಲೆ ಬಂದು ಮತ್ತೆ ಮುಳುಗಿತು. ನಂಜನಗೂಡಿನ ಸ್ನಾನಘಟ್ಟದಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುತ್ತಾರೆ. ಪಾಪ ಹೋಯಿತು ಎಂದು ಅವರು ಬಸ್ಸು ಹತ್ತುತ್ತಾರೆ. ಬಟ್ಟೆ ಮಾತ್ರ ಕೆಳಗೆ ಬಂದು ನಮ್ಮ ಬಂಡೆಗಳಿಗೆ ಸುತ್ತಿಕೊಳ್ಳುತ್ತದೆ, ಒಂದರ ಮೇಲೊಂದು. ಭಾವನ ಲಂಗರು ಆ ಮುದ್ದೆಯೊಳಗೆ ಸಿಕ್ಕಿಕೊಂಡಿತ್ತು.

ಸೆಳೆತ ಹೆಚ್ಚಾಯಿತು. ಕಯಾಕು ನೀರಿಗೆ ಅಡ್ಡವಾಗಿ ತಿರುಗಿತು. ಹಗ್ಗ ಕಟ್ಟಿದ ಪಕ್ಕ ಕೆಳಗೆ ಬಾಗಿ, ಅದರ ಮೇಲೆ ನೀರು ಹತ್ತತೊಡಗಿತು.

“ಹಗ್ಗ ಕೊಯ್ಯಿರಿ ಭಾವ.”

ಚಾಕು ಹಿಂದಿನ ಪೆಟ್ಟಿಗೆಯಲ್ಲಿತ್ತು. ಅವರು ಹಿಂದೆ ತಿರುಗಲಿಲ್ಲ. ಗಂಟು ಬಿಚ್ಚಲು ಆ ಪಕ್ಕಕ್ಕೇ ಬಗ್ಗಿದರು. ಅಷ್ಟೇ. ಕಯಾಕು ಸದ್ದಿಲ್ಲದೆ ಮಗುಚಿತು.

ನಾನು ಅವರು ಏಳುವುದನ್ನು ಕಾದೆ. ಕಾವೇರಿಯಲ್ಲಿ ಬೆಳೆದ ಮನುಷ್ಯ, ಏಳಬೇಕಿತ್ತು. ಏಳಲಿಲ್ಲ. ಮಗುಚಿದ ಕಯಾಕಿನ ಹಳದಿ ಬೆನ್ನು ನೀರಲ್ಲಿ ನಡುಗುತ್ತಿತ್ತು. ಅದರ ಪಕ್ಕದಲ್ಲಿ ಒಂದು ಕೈ ಕಂಡು ಮಾಯವಾಯಿತು. ಜಾಕೆಟಿನ ಪಟ್ಟಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ಆಗ ಹೊಳೆಯಿತು.

ಮೇಲಿನಿಂದ ಹೋದರೆ ನೀರು ನನ್ನನ್ನೂ ಆ ಹಗ್ಗದ ಮೇಲೆ ತಳ್ಳುತ್ತದೆ. ಕೆಳಗಿನಿಂದಲೇ ಹೋಗಬೇಕು. ಹಾಗೆ ಹೋಗಬೇಕೆಂದರೆ ಅವರನ್ನು ದಾಟಿ ಕೆಳಗಿಳಿದು, ತಿರುಗಿ, ಹರಿವಿಗೆ ಎದುರಾಗಿ ಹುಟ್ಟು ಹಾಕಬೇಕು. ಅವರು ಮುಳುಗಿರುವಾಗ ಅವರಿಂದ ದೂರ ಹೋಗಬೇಕಾಗಿ ಬಂತು. ಅಕ್ಕನ ಮುಖ ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಹಲ್ಲು ಕಚ್ಚಿ ಹುಟ್ಟು ಹಾಕಿದೆ. ಮಗುಚಿದ ಕಯಾಕಿನ ಬೆನ್ನನ್ನು ಒಂದು ಕೈಯಲ್ಲಿ ತಬ್ಬಿ, ಎದೆಯ ಮೇಲಿನ ಚಾಕು ಕಿತ್ತು, ನೀರೊಳಗೆ ಭುಜದವರೆಗೆ ಕೈ ಇಳಿಸಿ ಹಗ್ಗ ಹುಡುಕಿದೆ. ಅದು ಕಬ್ಬಿಣದ ಸರಳಿನ ಹಾಗೆ ಬಿಗಿದಿತ್ತು. ಚಾಕು ತಾಗಿಸಿ ಉಜ್ಜಿದೆ. ಹಗ್ಗ ತುಂಡಾಗಿದ್ದೇ ತಡ, ಎರಡೂ ಕಯಾಕುಗಳು ಒಟ್ಟಿಗೆ ಕೆಳಕ್ಕೆ ಧಾವಿಸಿದವು. ಭಾವನದು ಅರ್ಧ ಹೊರಳಿತು, ಅದರ ಜೊತೆ ಭಾವನೂ ಮೇಲೆ ಬಂದರು. ಜಾಕೆಟ್ ಮುಖವನ್ನೆಲ್ಲ ಮುಚ್ಚಿತ್ತು, ಪಟ್ಟಿ ಸೀಟಿನ ಕೊಕ್ಕೆಗೆ ಸಿಕ್ಕಿತ್ತು. ಆ ಪಟ್ಟಿಯನ್ನೂ ಕೊಯ್ದೆ.

“ಹತ್ತಬೇಡ. ನನ್ ಕಯಾಕಿನ ಹಿಂದಿನ ತುದಿ ಹಿಡ್ಕೊ. ಕಾಲು ಬಡಿ.”

ಅವರು ಹಿಡಿದರು. ಹೇಳಿದ ಹಾಗೆಯೇ ಕಾಲು ಬಡಿದರು. ದನ ತೊಳೆಯುವ ತಿರುವಿನ ಹತ್ತಿರ ದಡ ಸಿಕ್ಕಿತು. ಅವರ ಕಯಾಕು ಕೆಳಗೆ ತೇಲಿಹೋಯಿತು, ಅದರ ಕಡೆ ನಾವಿಬ್ಬರೂ ನೋಡಲಿಲ್ಲ.

ಭಾವ ಮರಳಿನ ಮೇಲೆ ಮಂಡಿಯೂರಿ ನೀರು ಕಾರಿದರು. ನಾನು ನಿಂತುಕೊಂಡೇ ಅಳುತ್ತಿದ್ದೆ, ಅಳುತ್ತಲೇ ಬೈಯುತ್ತಿದ್ದೆ. ಏನೇನು ಬೈದೆನೋ ನೆನಪಿಲ್ಲ, ಅಳಿಯನಿಗೆ ಬೈಯುವ ಮಾತುಗಳಂತೂ ಅಲ್ಲ. ಅವರು ತಲೆ ಎತ್ತಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ ಒಂದೇ ಮಾತು ಹೇಳಿದರು.

“ನಿಮ್ಮಕ್ಕುಂಗೆ ಯೋಳ್ಬ್ಯಾಡ ಕಣಮ್ಮಿ.”

“ಸಮುದ್ರಕ್ಕೆ ಹೋಗಲ್ಲ ಅನ್ನಿ. ಬಾಯಿ ಬಿಡಲ್ಲ.”

ಅವರು ಎದ್ದು ಅಂಗಿ ಹಿಂಡಿಕೊಂಡರು. ಒದ್ದೆ ಬಟ್ಟೆಯಲ್ಲೇ ಮನೆಯವರೆಗೆ ನಡೆದೆವು. ಬಾಗಿಲಲ್ಲಿ ಅವ್ವ ನೋಡಿ ಹಣೆ ಚಚ್ಚಿಕೊಂಡಳು, ಬೈದದ್ದು ನನಗೆ. “ಕೆಡುವ್ಬೇಡ ಅಂದ್ರೂ ಕೆಡುವ್ದಲ್ಲಮ್ಮಿ. ಮನೆ ಅಳಿಯಂದ್ರು ಅನ್ನೋ ಗ್ಯಾನ ಬ್ಯಾಡ್ವಾ?” ನಾನು ಭಾವನ ಮುಖ ನೋಡಿದೆ. ಅವರು ಗೋಡೆ ನೋಡುತ್ತಾ, “ಸೊಂಟದುದ್ದ ನೀರು ಅತ್ತೆ. ಕಾಲ್ ಜಾರ್ತು” ಎಂದರು. ಅಕ್ಕ ಟವಲು ಕೊಟ್ಟಳು. ಈ ಮನುಷ್ಯ ಮುಂದಿನ ವಾರ ಕಡಲಿಗೆ ಹೋಗಿಯೇ ಹೋಗುತ್ತಾರೆ, ಅಲ್ಲಿ ಹಗ್ಗ ಕೊಯ್ಯಲು ಯಾರೂ ಇರುವುದಿಲ್ಲ ಎಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವರ ಗೆಳೆಯನ ಫೋನು ಬಂತು. ಕೊರಳ ಚೀಲದಲ್ಲಿದ್ದ ಫೋನು ಕೆಟ್ಟಿರಲಿಲ್ಲ. ಭಾವ ಎಡಗೈಯಲ್ಲಿ ಅದನ್ನು ಹಿಡಿದು, ಬಹಳ ಹೊತ್ತು ರಿಂಗಾಗಲು ಬಿಟ್ಟರು. ಅಕ್ಕ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

“ನಾನ್ ಬರಾಕಿಲ್ಲ ಕಣ್ಲಾ,” ಎಂದರು. ಆ ಕಡೆಯವನು ಏನೋ ಕೇಳಿದ. “ಜ್ವರ ಗಿರ ಏನಿಲ್ಲ. ನಂಗೆ ಗೊತ್ತಾಗಾಕಿಲ್ಲ ಕಣ್ಲಾ ಆ ಕೆಲ್ಸ. ನಿಮ್ಗೂ ಗೊತ್ತಿಲ್ಲ. ಓಗ್ಬ್ಯಾಡ್ರಿ.” ಫೋನು ಕೆಳಗಿಟ್ಟು ಅನ್ನ ಕಲಸಿದರು.

ಅಕ್ಕ ಪಾತ್ರೆ ಇಟ್ಟು ಅಡುಗೆಮನೆಗೆ ಹೋದಳು. ನಾನೂ ಎದ್ದು ಹಿಂದೆಯೇ ಹೋದೆ. ಅವಳು ಬಾಗಿಲು ಅರ್ಧ ಮುಂದೂಡಿ ನನ್ನ ಕಡೆ ತಿರುಗಿದಳು.

“ಸೊಂಟದುದ್ದ ನೀರಿಗೆ ಅವರು ಅಂಗನ್ನೋರಲ್ಲ. ಎಲ್ಲೀಗಂಟ ಇತ್ತೇ ನೀರು?”

ನಾನು ಕೇಳಿದ್ದನ್ನು ಭಾವ ನಡೆಸಿಕೊಟ್ಟಿದ್ದರು, ನಾನೂ ಬಾಯಿ ಬಿಡುವ ಹಾಗಿರಲಿಲ್ಲ. ಕೈ ಎತ್ತಿ, ಅಂಗೈಯನ್ನು ನನ್ನ ತಲೆಯಿಂದ ಒಂದು ಮೊಳ ಮೇಲೆ ಹಿಡಿದು ತೋರಿಸಿದೆ.

ಅಕ್ಕ ಆ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ಅದನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿ, ಎದೆಗೆ ಒತ್ತಿಕೊಂಡಳು. ಅವ್ವ ಹೊರಗಿನಿಂದ ಸಾರಿಗಾಗಿ ಕೂಗಿದರೂ ಬಿಡಲಿಲ್ಲ.